ಕಪಿಲೆಯ ಚೌಕಗುಂಡಿಯವರೆಗೆ

ಮೈಸೂರಿನಿಂದ ನಂಜನಗೂಡಿಗೆ ಹದಿನಾಲ್ಕು ಮೈಲಿ. ಫೆಬ್ರವರಿಯ ಆ ಶನಿವಾರ ಬೆಳಗಿನ ಮೊದಲ ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಆದರೆ ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಮಂಜು ರಸ್ತೆಯ ಎರಡೂ ಬದಿಯನ್ನು ಅಳಿಸಿಹಾಕಿತ್ತು. ಹೊಸ ಶತಮಾನ ಆರಂಭವಾಗಿ ಮೂರ್ನಾಲ್ಕು ವರ್ಷಗಳಾಗಿದ್ದವು. ನಾನು ಮೈಸೂರು ವಿಶ್ವವಿದ್ಯಾಲಯದ ಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ಸಣ್ಣದೊಂದು ವಾರಪತ್ರಿಕೆಗೆ ಬರೆಯುತ್ತಿದ್ದೆ. ಹಿಂದಿನ ಸಂಜೆ ಅವ್ವ ಟೆಲಿಫೋನ್ ಬೂತಿನಿಂದ ಪತ್ರಿಕೆಯ ಕಚೇರಿಗೆ ಫೋನು ಮಾಡಿ ಎರಡೇ ಮಾತು ಹೇಳಿದ್ದಳು: “ನಿಮ್ಮಕ್ಕ ಬಾನ್ವಾರ ನೀರಿಗೆ ಇಳೀತಾಳಂತೆ. ಬ್ಯಾಗ ಬಾ.”

ಅಕ್ಕ ಮಹದೇವಮ್ಮ ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ, ಕಪಿಲೆಯ ದಡದ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. ಅಲ್ಲಿ ಗಂಡನ ಜೊತೆ ಸಣ್ಣದೊಂದು ಕ್ರೈಸ್ತ ಸಭೆಗೆ ಸೇರಿದಳು. ಹುಟ್ಟಿದ ಮಗನಿಗೆ ಸ್ಯಾಮುಯೆಲ್ ಎಂದು ಹೆಸರಿಟ್ಟಳು. ನಮಗೆಲ್ಲ ಅವನು ಸಾಮು. ಎಂಟು ವರ್ಷದ ಸಾಮು ಒಂದು ವರ್ಷದ ಹಿಂದೆ ಕಪಿಲೆಯಲ್ಲಿ ಮುಳುಗಿ ಸತ್ತ. ಆ ಸಭೆಯವರು ದೀಕ್ಷಾಸ್ನಾನವನ್ನು ಹೊಳೆಯಲ್ಲೇ ಕೊಡುತ್ತಾರೆ; ಪಾಸ್ಟರು ವಿಶ್ವಾಸಿಯನ್ನು ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಅಕ್ಕ ಭಾನುವಾರ ತೆಗೆದುಕೊಳ್ಳಬೇಕಿದ್ದದ್ದು ಆ ಸ್ನಾನವನ್ನು. ಅವ್ವನಿಗಿದ್ದದ್ದು ದೀಕ್ಷೆಯ ಭಯವಲ್ಲ. ಮುಳುಗಿದ ಮಗಳು ಮತ್ತೆ ಏಳುವುದಿಲ್ಲ ಎಂಬ ಭಯ.

ನಂಜನಗೂಡಿನಲ್ಲಿ ಇಳಿದು ನಮ್ಮ ಕೇರಿಗೆ ನಡೆದೆ. ಅವ್ವ ಅಂಗನವಾಡಿಯ ಸಹಾಯಕಿ. ಮಕ್ಕಳಿಗೆ ಬೇಯಿಸುವ ಹೆಸರುಕಾಳನ್ನು ಮೊರದಲ್ಲಿ ಹಾಕಿಕೊಂಡು, ಬುದ್ಧನ ಪಟದ ಕೆಳಗೆ ಕೂತು ಕಲ್ಲು ಆರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು:

“ಓಲೆ ಬುಚ್ಬುಟ್ಟವ್ಳೆ. ಮೂಗ್ಬೊಟ್ಟು ಬುಚ್ಬುಟ್ಟವ್ಳೆ. ಇರೋ ಸೀರೆಗಳ್ನೆಲ್ಲಾ ಕೇರಿ ಎಣ್ಮಕ್ಕಳಿಗೆ ಅಂಚ್ಬುಟ್ಟವ್ಳೆ.”

“ಆ ಸಭೇಲಿ ದೀಕ್ಷಾಸ್ನಾನ ತಗೊಳ್ಳೋರು ಒಡವೆ ಬಿಡ್ತಾರೆ ಕಣವ್ವ. ಅದು ಅವರ ಪದ್ಧತಿ.”

“ಒಡವೆ ಬುಡ್ತಾರೆ, ನಂಗೂ ಗೊತ್ತು. ಸೀರೆ ಬುಡ್ತಾರಾ? ಒಂದೇ ಒಂದು ಬಿಳೀ ಸೀರೆ ಮಡಿಕ್ಕಂಡವ್ಳಂತೆ. ಸೋಮ್ವಾರಕ್ಕೆ ಏನ್ ಉಟ್ಕತಾಳೆ? ಓದ್ದೋಳಲ್ವಾ ನೀನು, ಏಳು.”

ಮಾತು ಮರೆಸಲು, ಕಪಿಲೆಯಲ್ಲಿ ಮರಳು ತೋಡಿ ಮಾರುವವರ ಮೇಲೆ ನಾನು ಬರೆದ ಲೇಖನದ ಮಾತೆತ್ತಿದೆ.

“ನೀನ್ ಬರ್ದು ಯಾವ್ ಲಾರಿ ನಿಂತದೆ?” ಎಂದಳು ಅವ್ವ. “ಆ ಲಾರಿ ಡ್ರೈವರ್‌ಗೆ ಓದಕ್ ಬರಾಕಿಲ್ಲ, ಅವ್ನ ಯಜಮಾನಂಗೆ ಓದಕ್ ಪುರಸೊತ್ತಿಲ್ಲ. ಓಗು, ಬಸ್ಸಿಗೆ ಒತ್ತಾಯ್ತು. ಅವ್ಳ ಕರ್ಕಬಾ.”

ಬಸ್ ನಿಲ್ದಾಣದಲ್ಲಿ ಒಂದು ಬಸ್ಸಿನ ಕಂಡಕ್ಟರ್ ತಗಡೂರು, ತಗಡೂರು ಎಂದು ಕೂಗುತ್ತಿದ್ದ. ನರಸೀಪುರದ ಖಾಸಗಿ ಬಸ್ಸು ಅದರ ಹಿಂದೆ, ಎಂಜಿನ್ ಚಾಲೂ ಇಟ್ಟುಕೊಂಡು ನಡುಗುತ್ತಿತ್ತು. ಎರಡು ಇಡ್ಲಿ ತಿಂದು ಹತ್ತಿದೆ. ಊರು ದಾಟಿದ ಮೇಲೆ ಕಬ್ಬಿನ ಗದ್ದೆಗಳು, ಆಲೆಮನೆಯ ಹೊಗೆ, ಹೊಗೆಯೋ ಮಂಜೋ ತಿಳಿಯದ ಬಿಳುಪು. ನಮ್ಮ ಮುಂದೆ ಮರಳು ತುಂಬಿದ ಲಾರಿಗಳು ಹೋಗಿದ್ದವೆಂದು ಕಾಣುತ್ತದೆ. ರಸ್ತೆಯ ಮೇಲೆ ಒದ್ದೆಯ ಗೆರೆಯೊಂದು ಮೈಲಿಗಟ್ಟಲೆ ಹರಿದಿತ್ತು. ಹೊಳೆ ಎದ್ದು ರಸ್ತೆಯಲ್ಲಿ ನಡೆದು ಹೋದಂತೆ ಕಾಣುತ್ತಿದ್ದ ಆ ಗೆರೆಯ ಮೇಲೆಯೇ ನಮ್ಮ ಬಸ್ಸು ಸಾಗಿತು.

ಪಕ್ಕದಲ್ಲಿ ಕೂತಿದ್ದವರು ಹಣೆಗೆ ವಿಭೂತಿ ಬಳಿದುಕೊಂಡ ವಯಸ್ಸಾದ ರೈತ, ಶಿವಬಸಪ್ಪ. ನಾನು ಇಳಿಯುವ ಹಳ್ಳಿಯ ಹೆಸರು ಹೇಳಿದ್ದೇ ನನ್ನನ್ನು ತಿರುಗಿ ನೋಡಿದರು.

“ಪಾಸ್ಟರ್ ಕಡೆಯೋರಾ?”

“ಮಹದೇವಮ್ಮನ ತಂಗಿ.”

“ಓ. ಮಗೂ ಓಯ್ತಲ್ಲ, ಆ ಮನೆ.” ಧ್ವನಿ ತಗ್ಗಿಸಿದರು. “ಮಗೂ ಮುಳುಗಿದ ಜಾಗಕ್ಕೆ ನಾವು ದನ ಇಳಿಸೋದು ಬುಟ್ಟೋ ಕಣವ್ವ. ಎಮ್ಮೆಗಳೇ ಇಳಿಯಾಕಿಲ್ಲ. ಆ ಜಾಗದಲ್ಲಿ ಪದ ಕೇಳ್ತದೆ.”

“ಯಾವ ಹಾಡು?”

“ಅವತ್ತು ಪಾಸ್ಟರ್ ಕಡೆಯೋರು ಏಳ್ತಿದ್ರಲ್ಲ, ಅದೇ. ನೀರೊಳಗಿಂದ.”

ಪಂಪ್‌ಸೆಟ್ಟಿನ ಸದ್ದು ನೀರಿನ ಮೇಲೆ ಹಾಗೆ ಕೇಳುತ್ತದೆ ಎಂದು ವಿವರಿಸಿದೆ. ಅವರು ನನ್ನ ವಿವರಣೆಯನ್ನು ಪೂರ್ತಿ, ತಲೆದೂಗಿ, ಗೌರವದಿಂದ ಕೇಳಿಸಿಕೊಂಡರು.

“ಪಂಪ್‌ಸೆಟ್ಟು ನಂದೇ ಕಣವ್ವ,” ಎಂದರು. “ಕರೆಂಟ್ ಇಲ್ದಾಗ್ಲೂ ಕೇಳ್ತದೆ.”

ಬಸ್ಸಿಳಿದು ಕೇರಿಯ ಕಡೆ ಹೊರಟಾಗ ಬಿಸಿಲೇರಿತ್ತು. ಅಕ್ಕನ ಮನೆಗೆ ಇನ್ನೂ ಹತ್ತು ಮನೆ ಇರುವಾಗಲೇ ರೇಡಿಯೋ ಕಿವಿಗಡಚಿಕ್ಕುವಂತೆ ಕೇಳಿಸಿತು. ಬಾಗಿಲು ತೆರೆದೇ ಇತ್ತು. ನಡುಮನೆಯ ನೆಲದ ಮೇಲೆ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ತುಂಬಾ ನೀರು. ಅದರ ಅಂಚಿಗೆ ತಗುಲುವಂತೆ ರೇಡಿಯೋ. ಅಕ್ಕ ಮಂಡಿಯೂರಿ, ತಲೆಯನ್ನು ಕಿವಿಯ ಮೇಲಿನವರೆಗೆ ಆ ನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು. ಜಡೆ ಪಾತ್ರೆಯಿಂದ ಹೊರಗೆ ಬಿದ್ದು ನೆಲದ ಮೇಲೆ ಸುರುಳಿಯಾಗಿತ್ತು. ಅವಳು ಅಲುಗುತ್ತಿರಲಿಲ್ಲ.

ನಾನು ಕಿರುಚಿದೆನೋ ಏನೋ. ಅವಳು ತಲೆ ಎತ್ತಿದಳು, ಉಟ್ಟಿದ್ದ ಅದೇ ಒಂದು ಬಿಳಿ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡಳು, ರೇಡಿಯೋ ಆರಿಸಿದಳು.

“ಯಾವಾಗ್ ಬಂದೆ? ಊಟ ಮಾಡ್ತೀಯಾ?”

“ಏನ್ ಮಾಡ್ತಿದ್ದೆ ನೀನು?”

“ಒಲೆ ಮುಂದೆ ಇದ್ದೆ, ಮುಖ ಕಾದಿತ್ತು,” ಎಂದಳು. ಒಲೆಯಲ್ಲಿ ಬೂದಿ ತಣ್ಣಗಿತ್ತು. ಅವಳ ಕಿವಿಯಲ್ಲಿ ಓಲೆ ಇದ್ದ ತೂತುಗಳು ಬರಿದಾಗಿದ್ದವು, ನೀರು ಅವುಗಳ ಅಂಚಿನಲ್ಲಿ ಹೊಳೆಯುತ್ತಿತ್ತು. ಸಾಮು ಸತ್ತಾಗಿನಿಂದ ಅವಳು ಹೀಗೆ ಸರಾಗವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಊಟವಾದ ಮೇಲೆ ನೇರವಾಗಿ ಕೇಳಿದೆ. “ಅಕ್ಕ, ಸಾಯಕ್ಕೆ ಹೋಗ್ತಿದ್ದೀಯಾ?”

“ಥೂ, ಅದು ಪಾಪ ಕಣೆ.”

“ಹಾಗಾದ್ರೆ ಸೀರೆ ಯಾಕೆ ಕೊಟ್ಟೆ?”

“ಬಣ್ಣ ಕಂಡ್ರೆ ಆಗಲ್ಲ, ಕೊಟ್ಟೆ. ಅವ್ವ ಹೇಳಿ ಕಳ್ಸಿದ್ಳಾ?” ತಟ್ಟೆ ಎತ್ತಿಕೊಂಡು ಹೋಗುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: “ನಾನೊಂದು ತಿಳ್ಕೋಬೇಕು. ಅಷ್ಟೇ.” ಏನು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ.

ಮಧ್ಯಾಹ್ನ ಬಾವ ಸಿದ್ದರಾಜು ಗಾರೆ ಕೆಲಸದಿಂದ ಬಂದಾಗ ಅವನನ್ನು ಹೊಳೆಗೆ ಕರೆದುಕೊಂಡು ಹೋದೆ. ಫೆಬ್ರವರಿಯ ಕಪಿಲೆ ತೆಳ್ಳಗಿತ್ತು, ಸ್ವಚ್ಛವಾಗಿತ್ತು. ಮೊಣಕಾಲಿನಷ್ಟು ನೀರಿನಲ್ಲಿ ಕಾಲ ಬೆರಳುಗಳು, ಬೆಣಚುಕಲ್ಲುಗಳು, ಸಣ್ಣ ಮೀನುಗಳ ನೆರಳುಗಳು ಕಾಣುತ್ತಿದ್ದವು. ಹದಿನೈದು ಅಡಿ ನಡೆದ ಮೇಲೆ ಆ ಕಾಣುವಿಕೆ ಒಂದು ಗೆರೆಯಲ್ಲಿ ನಿಂತುಹೋಗಿತ್ತು. ಗೆರೆಯ ಆಚೆಗೆ ಕಪ್ಪುಹಸಿರು. ಅಲ್ಲಿ ನೀರು ಹರಿಯುತ್ತಿರಲಿಲ್ಲ. ಉದುರಿದ ಹೊಂಗೆಯ ಎಲೆಗಳು ಒಂದೇ ಜಾಗದಲ್ಲಿ ನಿಧಾನವಾಗಿ ಸುತ್ತುತ್ತಿದ್ದವು. ಹೊಳೆಯ ಸಹಜ ಆಳದಲ್ಲಿ ಮುಳುಗಿ ಸಾವು ಎಂದು ಪೊಲೀಸರು ಪ್ರಕರಣವನ್ನು ಮುಗಿಸಿದ್ದರು. ಹೊಳೆಗೆ ಸಹಜವಾದ ಆಳವಿರಬಹುದು, ಸಹಜವಾದ ಮೂಲೆಗಳಿರುವುದಿಲ್ಲ. ಮರಳಿಗಾಗಿ ತೋಡಿದ ಈ ಗುಂಡಿಗೆ ನಾಲ್ಕು ಮೂಲೆಗಳಿದ್ದವು.

ಸಾಮು ಸತ್ತ ದಿನದ ಪೂರ್ತಿ ಸಂಗತಿಯನ್ನು ಬಾವ ನನಗೆ ಹೇಳಿದ್ದು ಅಲ್ಲಿ, ಮೊದಲ ಸಲ.

“ಅವತ್ತು ಮೂರು ಜನ ಸ್ನಾನ ತಗೊಳ್ಳೋದಿತ್ತು. ಕೊನೇಲಿ ನಿಮ್ಮಕ್ಕ. ಮೊದಲ್ನೆಯೋರ ಕರ್ಕಂಡು ಪಾಸ್ಟರು ಅಗೋ ಅಲ್ಲಿ ಇಳ್ದಿದ್ರು. ನಾವೆಲ್ಲಾ ದಡದಲ್ಲಿ ಕೈ ಎತ್ಕಂಡು ಕೀರ್ತನೆ ಏಳ್ತಿದ್ದೋ. ಇವ್ನು ಯಾವಾಗ ಕೆಳಕ್ಕೆ ಬಂದ್ನೋ ತಿಳೀದು. ನೋಡ್ತೀವಿ, ಎದೆಮಟ್ಟ ನೀರಲ್ಲವ್ನೆ. ಎಲ್ಡೂ ಕೈ ಮ್ಯಾಲಕ್ಕೆ. ನಮ್ಮಂಗೇ.”

“ನೋಡಿದ್ರಿ.”

“ಎಲ್ರೂ ನೋಡ್ದೋ. ‘ಮಗೂ ಮ್ಯಾಲೆ ಪವಿತ್ರಾತ್ಮ ಇಳ್ದದೆ’ ಅಂದ್ರು ಒಬ್ರು. ದೇವ್ರಿಗೆ ಸ್ತೋತ್ರ, ಸ್ತೋತ್ರ ಅಂತ ಇನ್ನೂ ಜೋರಾಗಿ ಏಳುದ್ರು. ನಿಮ್ಮಕ್ಕ ಅವ್ನ ಮುಖ ನೋಡ್ಕಂಡೇ ಏಳುದ್ಳು. ಆಮ್ಯಾಕೆ ಕೈ ಮಾತ್ರ ಇತ್ತು. ಆಮ್ಯಾಕೆ ಅದೂ ಇಲ್ಲ.” ಬಾವ ನೀರನ್ನೇ ನೋಡುತ್ತಿದ್ದ. “ಆಗ್ಲೂ ನಾವು ನಿಲ್ಲಿಸ್ನಿಲ್ಲ ಕಣವ್ವ. ಮುಳುಗಿದೋರು ಏಳ್ತಾರಲ್ಲ. ಎದ್ದು ಬತ್ತಾನೆ ಅಂತಿದ್ದೋ.”

ಸಂಜೆ ಪಾಸ್ಟರ್ ಯೋಸೇಫಪ್ಪನವರನ್ನು ಕಾಣಲು ಹೋದೆ. ಅವರು ಹಿಂದೆ ಲಾರಿ ಮೆಕ್ಯಾನಿಕ್ ಆಗಿದ್ದವರು. ಶೀಟು ಹೊದಿಸಿದ ಒಂದು ಶೆಡ್ಡೇ ಅವರ ಮನೆ, ಅದರ ಮುಂಭಾಗವೇ ಸಭೆ. ನನ್ನನ್ನು ಕಂಡು ಎದ್ದು ನಿಂತವರು ಕೊನೆಯವರೆಗೂ ಕೂರಲಿಲ್ಲ.

“ಅವತ್ತು ಇಳಿಯೋ ಮುಂಚೆ ಆಳ ನೋಡಿದ್ರಾ?”

“ಅದರ ಹಿಂದಿನ ವರ್ಷ ಅಲ್ಲೇ ಕೊಟ್ಟಿದ್ವಿ ತಂಗಿ. ಮೊಣಕಾಲುದ್ದ ನೀರು, ಕೆಳಗೆ ಮರಳು.”

“ನಾನು ಹಿಂದಿನ ವರ್ಷದ್ದು ಕೇಳಲಿಲ್ಲ.”

“ಇಲ್ಲ,” ಎಂದರು. “ನೋಡಿರಲಿಲ್ಲ.”

“ಗುಂಡಿ ತೋಡಿದೋರು ಯಾರು ಅಂತ ಪೊಲೀಸಿಗೆ ಹೇಳಿದ್ರಾ?”

“ಅವರು ಅದನ್ನ ಕೇಳಲೇ ಇಲ್ಲ. ನೀವೆಲ್ಲಾ ಅಲ್ಲಿ ಏನ್ ಮಾಡ್ತಿದ್ರಿ ಅಂತ ಕೇಳಿದ್ರು. ಮತಾಂತರ ಅಂತ ಬರ್ಕೊಂಡ್ರೆ ಮಾರನೇ ದಿನ ಈ ಶೆಡ್ಡಿಗೆ ಬೀಗ. ಎಲ್ಲಾ ಹೆದರ್ಕೊಂಡ್ವಿ. ಹುಡುಗ ಒಬ್ನೇ ಈಜಕ್ಕೆ ಹೋಗಿದ್ದ, ನಾವ್ಯಾರೂ ಅಲ್ಲಿರ್ಲಿಲ್ಲ ಅಂದ್ಬಿಟ್ವಿ. ನಿಮ್ಮಕ್ಕನೂ ಹೂಂ ಅಂದ್ಳು.”

ಓದುಗರು ಇದನ್ನು ಸಾವಧಾನವಾಗಿ ಗಮನಿಸಬೇಕು. ಹೊಳೆಯ ತಳವನ್ನು ಬಗೆದು ಮಾರಿದವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಪ್ರಾರ್ಥನೆ ಮಾಡುವುದೇ ಅಪರಾಧವಾಗಬಹುದೆಂದು ಇಪ್ಪತ್ತು ಜನ ಬಡವರು ನಡುಗುವಂಥ ಸ್ಥಿತಿಯನ್ನು ತಂದವರ ಹೆಸರೂ ಬರಲಿಲ್ಲ. ಇವರೆಲ್ಲರ ಪಾಲಿನ ತಪ್ಪನ್ನು ಕೊನೆಗೆ ಹೊತ್ತವನು ಎಂಟು ವರ್ಷದ ಹುಡುಗ: ಹೇಳದೆ ಕೇಳದೆ ಒಬ್ಬನೇ ಈಜಲು ಹೋದ ತುಂಟ. ನಾನು ಇದನ್ನೆಲ್ಲ ಪಾಸ್ಟರ ಮುಖಕ್ಕೇ ಹೇಳಿದೆ. ಅವರು ಒಂದು ಮಾತನ್ನೂ ಅಲ್ಲಗಳೆಯಲಿಲ್ಲ.

“ನಾಳೆ ಮೇಲಿನ ಸೋಪಾನಕಟ್ಟೆ ಹತ್ರ ಮಾಡೋಣ ಅಂದೆ ನಿಮ್ಮಕ್ಕನಿಗೆ. ಒಪ್ಪಲಿಲ್ಲ. ಅದೇ ಜಾಗ ಬೇಕಂತೆ, ಅದೇ ಕೀರ್ತನೆ ಹೇಳ್ಬೇಕಂತೆ. ಒಂದು ವರ್ಷದಿಂದ ಆ ಕೀರ್ತನೆ ನಮ್ಮಲ್ಲಿ ಯಾರೂ ಹೇಳಿಲ್ಲ. ನಂಗೂ ಹೆದರಿಕೆ ಆಗ್ತದೆ ತಂಗಿ. ಆದ್ರೆ ಬೇಡ ಅನ್ನೋ ಯೋಗ್ಯತೆ ನಂಗಿಲ್ಲ.”

ಭಾನುವಾರ ಬೆಳಿಗ್ಗೆ ಮಂಜು ಹೊಳೆಯ ಮೇಲೆ ಮಲಗಿತ್ತು. ಆಚೆ ದಡ ಇರಲಿಲ್ಲ. ಸಭೆಯವರು ಒಬ್ಬರ ಹಿಂದೊಬ್ಬರು ಮಾತಿಲ್ಲದೆ ಬಂದು ನಿಂತರು. ಬಿಳಿ ಸೀರೆಯ ಅಕ್ಕ ಅವರೊಳಗಿಂದ ಹೊರಬಂದಾಗ ಮಂಜಿನದೇ ಒಂದು ತುಂಡು ಬೇರೆಯಾಗಿ ನಡೆದಂತಿತ್ತು. ಪಾಸ್ಟರು ಉದ್ದನೆಯ ಬಿದಿರಿನ ಗಳವೊಂದನ್ನು ಹಿಡಿದು ಮುಂದೆ ಹೋದರು, ಹೆಜ್ಜೆಗೊಮ್ಮೆ ತಳವನ್ನು ಚುಚ್ಚಿದರು. ಗಳ ಮರಳಿಗೆ ತಗುಲಿದ ಸದ್ದು ದಡಕ್ಕೂ ಕೇಳುತ್ತಿತ್ತು. ಆಮೇಲೆ ಸದ್ದು ಬರಲಿಲ್ಲ. ಗಳ ಅವರ ಕೈಯಲ್ಲಿ ಇಳಿಯುತ್ತಲೇ ಹೋಯಿತು. ಅವರು ಅಲ್ಲೇ ನಿಂತು, ಗಳವನ್ನು ಗುಂಡಿಯ ಮೂಲೆಗೆ ಊರಿ ಎದೆಗಾನಿಸಿಕೊಂಡರು. ಅಕ್ಕ ಹೋಗಿ ಅವರ ಪಕ್ಕದಲ್ಲಿ ನಿಂತಳು. ಬಾವನೂ ನಾನೂ ಮೊಣಕಾಲುದ್ದ ನೀರಿನಲ್ಲಿ ಹಿಂದೆಯೇ ಇದ್ದೆವು.

“ಶುರು ಮಾಡಿ,” ಎಂದಳು ಅಕ್ಕ, ದಡದ ಕಡೆ ತಿರುಗಿ.

ಯಾರೂ ಬಾಯಿ ಬಿಡಲಿಲ್ಲ. ಅವಳು ಕಾದಳು. ಕೊನೆಗೆ ಒಬ್ಬ ಮುದುಕಿಯ ಒಡಕು ಧ್ವನಿ ಮೊದಲಾಯಿತು, ಇನ್ನೊಂದು ಸೇರಿತು, ಆಮೇಲೆ ಎಲ್ಲವೂ. ಮಂಜಿನ ಆಚೆಯಿಂದಲೂ ಅದೇ ಕೀರ್ತನೆ ಒಂದು ಪದದಷ್ಟು ಹಿಂದೆ ಬರುತ್ತಿತ್ತು. ಪ್ರತಿಧ್ವನಿ ಎಂದರೇನು ಎಂದು ನನಗೆ ಗೊತ್ತು. ಆದರೂ ಆ ಆಚೆಯ ಧ್ವನಿಗಳಲ್ಲಿ ನಮ್ಮ ದಡದಲ್ಲಿಲ್ಲದ ಒಂದು ತೆಳುವಾದ ಗಂಟಲು ಇತ್ತೆಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ. ಇತ್ತೆಂದು ಸಾಧಿಸಲಾರೆ.

ಪಾಸ್ಟರು ಹೇಳಬೇಕಾದ ಮಾತು ಹೇಳಿ ಅಕ್ಕನ ತಲೆಯ ಮೇಲೆ ಕೈಯಿಟ್ಟು ಮುಳುಗಿಸಿದರು. ಎತ್ತಬೇಕು, ಎತ್ತಲಿಲ್ಲ. ಅವರ ಕೈ ಬರಿದಾಗಿ ಮೇಲೆ ಬಂತು. ಅಕ್ಕ ಅವರ ಹಿಡಿತದಿಂದ ಜಾರಿ ಗುಂಡಿಯೊಳಕ್ಕೆ ಹೋಗಿದ್ದಳು. ಬಿಳಿ ಸೀರೆಯ ಸೆರಗು ಒಂದು ಕ್ಷಣ ನೀರಿನ ಮೇಲೆ ಹರಡಿಕೊಂಡು, ಯಾರೋ ಕೆಳಗಿನಿಂದ ಮಡಚಿಕೊಂಡಂತೆ ಒಳಗೆ ಸೇರಿತು. ದಡದಲ್ಲಿ ಕೀರ್ತನೆ ನಡೆದೇ ಇತ್ತು. ಕೈಗಳು ಮೇಲಿದ್ದವು, ಕಣ್ಣುಗಳು ಮುಚ್ಚಿದ್ದವು. ಕಣ್ಣು ತೆರೆದಿದ್ದವರೂ ಕಾಯುತ್ತಿದ್ದರು, ಏಕೆಂದರೆ ಮುಳುಗಿದವರು ಏಳುತ್ತಾರೆ.

“ನಿಲ್ಲಿಸ್ರೀ!” ಎಂದು ಕೂಗಿದೆ. ಕೇಳಿಸಲಿಲ್ಲ. “ನಿಲ್ಲಿಸ್ರೀ, ಎತ್ರೀ ಅವಳನ್ನ!” ನನ್ನ ಕೂಗು ಆ ಹಾಡಿನೊಳಗೆ ಹೋಗಿ ಅದರದೇ ಒಂದು ಸಾಲಾಗಿಬಿಟ್ಟಿತು. ಒಬ್ಬಾಕೆ ನನ್ನತ್ತ ಕೈ ಚಾಚಿ, ಮುಖವರಳಿಸಿ, ಸ್ತೋತ್ರ ಎಂದಳು. ಬಾವ ಗುಂಡಿಯ ಅಂಚಿಗೆ ಬಿದ್ದು ಎರಡೂ ತೋಳುಗಳನ್ನು ಕಪ್ಪು ನೀರಿಗೆ ಇಳಿಬಿಟ್ಟು ತಡಕಾಡುತ್ತಿದ್ದ.

ಆಗ ಬಿದಿರಿನ ಗಳ ಅಲುಗಿತು. ಪಾಸ್ಟರು ಅದನ್ನು ಬಿಗಿಯಾಗಿ ತಬ್ಬಿಕೊಂಡರು. ಕೆಳಗಿನಿಂದ ಒಂದು ಕೈ ಗಳವನ್ನು ಹಿಡಿದು ಮೇಲಕ್ಕೆ ಬಂತು, ಅದರ ಮೇಲೆ ಇನ್ನೊಂದು ಕೈ. ಆಮೇಲೆ ಅಕ್ಕನ ತಲೆ. ಅವಳಾಗಿಯೇ ಹತ್ತಿ ಬಂದಳು. ಬಾವ ಅವಳ ರಟ್ಟೆ ಹಿಡಿದು ಮರಳಿಗೆ ಎಳೆದ. ಹಾಡು ಒಂದೊಂದೇ ಗಂಟಲಿನಲ್ಲಿ ಆರಿತು. ಆಚೆ ದಡದ್ದು ಒಂದು ಸಾಲು ಹೆಚ್ಚಾಗಿ ಹಾಡಿ, ನಿಂತಿತು.

ಅಕ್ಕ ಬಹಳ ಹೊತ್ತು ಕೆಮ್ಮಿದಳು. ಅನಂತರ ಹೇಳಿದಳು: “ಕೇಳಿಸ್ತದೆ.”

“ಏನು?”

“ಕೀರ್ತನೆ. ಆ ತಳದಲ್ಲೂ ಕೇಳಿಸ್ತದೆ. ಮಾತು ತಿಳಿಯಲ್ಲ, ರಾಗ ತಿಳೀತದೆ. ಪಾತ್ರೇಲಿ ನೋಡ್ದೆ, ರೇಡಿಯೋ ಕೇಳಿಸ್ತಿತ್ತು. ಪಾತ್ರೆ ಬೇರೆ, ಹೊಳೆ ಬೇರೆ ಅಲ್ವಾ?” ಅವಳು ದಡದ ಮೇಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. “ಅವನ ಕೂಗು ನಮಗೆ ಕೇಳಿಸ್ಲಿಲ್ಲ. ನಮ್ಮದು ಅವನಿಗೆ ಕೊನೇವರೆಗೂ ಕೇಳಿಸ್ತಿತ್ತು.”

ಪಾಸ್ಟರ ಬಾಯಿಂದ ಅಭ್ಯಾಸಬಲದಿಂದ “ಸ್ತೋತ್ರ” ಎಂಬ ಮಾತು ಬಂತು.

“ಈಗ ಅನ್ಬೇಡಿ ಅಯ್ಯ,” ಎಂದಳು ಅಕ್ಕ.

ಮನೆಗೆ ಬಂದು ಒಲೆ ಹೊತ್ತಿಸಿ ಅವಳನ್ನು ಅದರ ಮುಂದೆ ಕೂರಿಸಿದೆ. ಇದರಿಂದ ನಿನಗೆ ಸಮಾಧಾನವಾಯಿತೋ ಶಿಕ್ಷೆಯಾಯಿತೋ ಎಂದು ಕೇಳದೆ ಇರಲಾಗಲಿಲ್ಲ.

“ಎರಡೂ ಕಣೆ,” ಎಂದಳು. “ಅವನು ಹೋಗುವಾಗ ನನ್ನ ಗಂಟಲು ಅವನ ಕಿವೀಲಿತ್ತಾ, ಇಲ್ವಾ? ಒಂದು ವರ್ಷ ದೇವ್ರನ್ನ ಕೇಳ್ದೆ. ಹೇಳ್ಲಿಲ್ಲ. ಅದಕ್ಕೇ ನಾನೇ ಹೋಗಿ ತಿಳ್ಕೊಂಡು ಬಂದೆ.” ಬೆಂಕಿಗೆ ಕೈಯೊಡ್ಡಿಕೊಂಡು ಅಂದಳು: “ದೇವ್ರ ಮೇಲೆ ಸಿಟ್ಟಿಲ್ಲ. ಆದ್ರೆ ನಾಳೆ ನರಸೀಪುರಕ್ಕೆ ಹೋಗ್ಬೇಕು. ನೀನೂ ಬಾ.”

ಸೋಮವಾರ ಅವಳು ನನ್ನ ಚೀಲದಲ್ಲಿದ್ದ ನೀಲಿ ಚೂಡಿದಾರದ ಮೇಲೆ ಒದ್ದೆ ಆರಿದ ಬಿಳಿ ಸೀರೆಯನ್ನೇ ಶಾಲಿನಂತೆ ಹೊದ್ದುಕೊಂಡಳು. ನರಸೀಪುರಕ್ಕೆ ನಾಲ್ಕು ಮೈಲಿ, ಬಸ್ಸಿನಲ್ಲಿ ಕಾಲು ಗಂಟೆ. ಅಲ್ಲಿ ಕಪಿಲೆ ಕಾವೇರಿಯನ್ನು ಸೇರುವ ಕಡೆಗೆ ಹೋಗುವ ಯಾತ್ರಿಕರ ನಡುವೆ ನುಗ್ಗಿಕೊಂಡು, ಸಾಮುವಿನ ಪ್ರಕರಣ ಮುಗಿಸಿದ್ದ ಪೊಲೀಸ್ ಕಚೇರಿಗೆ ಹೋದೆವು. ಅಧಿಕಾರಿ ಒರಟರಲ್ಲ, ಕುರ್ಚಿ ತೋರಿಸಿದರು. ನಾನು ಮಾತು ಜೋಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಶುರು ಮಾಡಿದಳು.

“ನನ್ನ ಮಗ ಸಾಮು ಒಬ್ಬನೇ ಈಜಕ್ಕೆ ಹೋಗಿದ್ದ ಅಂತ ಹೇಳಿದ್ವಿ ಸಾ. ಅದು ಸುಳ್ಳು.”

ಅವರು ಪೆನ್ನು ಕೆಳಗಿಟ್ಟರು. “ಒಂದು ವರ್ಷ ಆಯ್ತಲ್ಲಮ್ಮ. ನೀವೆಲ್ಲಾ ಅಲ್ಲಿದ್ರಾ? ಏನ್ ಮಾಡ್ತಿದ್ರಿ?”

“ಕೀರ್ತನೆ ಹೇಳ್ತಿದ್ವಿ. ಅವನು ಮುಳುಗೋದನ್ನ ನೋಡ್ಕೊಂಡು ಹೇಳ್ತಿದ್ವಿ. ಅಲ್ಲಿ ಚೌಕಾಗಿ ಗುಂಡಿ ತೋಡವ್ರೆ ಸಾ, ಬಂದು ನೋಡಿ. ತೋಡ್ದೋರ ಲಾರಿ ದಿನಾ ನಿಮ್ಮ ಬಾಗಿಲ ಮುಂದೇ ಹೋಗ್ತದೆ.”

“ಹಿಂಗೆ ಹೇಳಿದ್ರೆ ಮೊದಲು ನಿಮ್ಮ ಮೇಲೇ ಬರುತ್ತೆ, ಗೊತ್ತಾ?”

“ಬರ್ಲಿ ಸಾ. ಮಗು ಒಬ್ಬನೇ ಇರ್ಲಿಲ್ಲ. ನಾವೆಲ್ಲಾ ಅಲ್ಲಿದ್ವಿ.”

ಅಧಿಕಾರಿ ಕಿಟಕಿಯ ಹೊರಗೆ ನೋಡುತ್ತಾ, ಒಬ್ಬಳ ಮಾತು ಸಾಲದು, ಅಲ್ಲಿದ್ದ ಉಳಿದವರೂ ಬಂದು ಹೇಳಬೇಕು ಎಂದರು. ಅದನ್ನು ತಪ್ಪಿಸಿಕೊಳ್ಳುವ ದಾರಿಯಾಗಿ ಹೇಳಿದರೋ, ನಿಜವಾಗಿಯೇ ಬೇಕೆಂದು ಹೇಳಿದರೋ, ನನಗೆ ಈಗಲೂ ಗೊತ್ತಿಲ್ಲ. ಅಕ್ಕ ಅದನ್ನು ನಿಜವೆಂದೇ ತೆಗೆದುಕೊಂಡಳು.

ಹಿಂದಿರುಗುವ ನಂಜನಗೂಡು ಬಸ್ಸಿನಲ್ಲಿ ಇಬ್ಬರೂ ಜೊತೆಗೇ ಕೂತೆವು. ಅಕ್ಕನ ಹಳ್ಳಿ ಬಂದಾಗ ಅವಳು ಎದ್ದಳು.

“ಅವ್ವಂಗೆ ಏನ್ ಹೇಳ್ಲಿ?” ಎಂದೆ.

“ಎದ್ದು ಬಂದ್ಳು ಅನ್ನು. ಉಡಕ್ಕೆ ಎರಡು ಸೀರೆ ಕಳ್ಸಕ್ಕೆ ಹೇಳು.”

ಬಸ್ಸು ಅಲ್ಲಿ ಹಾಲಿನ ಕ್ಯಾನು ಇಳಿಸಲು ಸ್ವಲ್ಪ ಹೊತ್ತು ನಿಂತಿತು. ಹಿಂದಿನ ಗಾಜಿನಿಂದ ಕೇರಿಯ ಮೊದಲ ಸಾಲು ಕಾಣುತ್ತಿತ್ತು. ಅಕ್ಕ ಮನೆಗೆ ಹೋಗಲಿಲ್ಲ. ಮೊದಲ ಬಾಗಿಲು ತಟ್ಟಿದಳು. ನಿನ್ನೆ ಕೀರ್ತನೆ ಎತ್ತಿಕೊಟ್ಟ ಮುದುಕಿ ಹೊರಗೆ ಬಂದು, ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು ಅವಳ ಜೊತೆ ಹೊರಟಳು. ಎರಡನೆಯ ಬಾಗಿಲು ತಟ್ಟಿದಳು. ಒಳಗೆ ಯಾರೋ ಕಿಟಕಿ ಮುಚ್ಚಿಕೊಂಡದ್ದು ನನಗೂ ಕಂಡಿತು. ಅಕ್ಕ ಮುಂದಿನ ಮನೆಗೆ ಹೋಗಲಿಲ್ಲ, ಕೂಗಲೂ ಇಲ್ಲ. ಆ ಮುಚ್ಚಿದ ಬಾಗಿಲಿಗೆ ಎದುರಾಗಿ, ಬಿಳಿ ಹೊದ್ದು, ನಿಂತೇ ಇದ್ದಳು. ಬಸ್ಸು ಹೊರಟಿತು.